ಮೂರನೇ ಕಿಟಕಿಯ ಗಾಜು

ಶ್ರೀಕಾರ್ಯಂ, ಮಾರ್ಚ್ ೨೦೦೬

ಅಮ್ಮಾ,

ನೀನು ಹೋಗಿ ನಾಲ್ಕು ವರ್ಷವಾಯ್ತು, ಈ ಕಾಗದ ಎಲ್ಲಿಗೆ ಹಾಕಲಿ? ಹಳೇ ಗಾಡಿಗಳ ಹುಚ್ಚು ನನಗಿನ್ನೂ ಬಿಟ್ಟಿಲ್ಲ. ಕೊಚ್ಚಿಯಲ್ಲಿ ನಾನು ಹೋಗುತ್ತಿದ್ದ ಸ್ಕೂಲ್ ಬಸ್ಸನ್ನೇ ಗುಜರಿಯವನಿಂದ ಕೊಂಡು ಇವತ್ತು ಮನೆಗೆ ತಂದೆ. ದಾರಿಯುದ್ದಕ್ಕೂ ರೇಡಿಯೇಟರಿಗೆ ನೀರು ಹೊಯ್ದು ಹೊಯ್ದು ಸಾಕಾಗಿಹೋಯ್ತು. ನಿನ್ನ ಸೊಸೆ ಬಯ್ಯಲೂ ಇಲ್ಲ, ಹತ್ತಿ ಮೂರನೇ ಕಿಟಕಿಯ ಹತ್ತಿರ ಕೂತಳು.

ಅದು ನನ್ನ ಸೀಟು. ನೀನು ಕೆಳಗೆ ನಿಂತು "ಡಬ್ಬಿ ಪೂರ್ತಿ ಖಾಲಿ ಮಾಡು ಕಂದಾ" ಅಂತ ಕನ್ನಡದಲ್ಲಿ ಕೂಗುತ್ತಿದ್ದೆ. ನಾನು ಗಾಜು ಮುಚ್ಚಿ, ನಿನ್ನನ್ನೇ ಅಣಕಿಸಿ ಮಲಯಾಳಿ ಹುಡುಗರನ್ನು ನಗಿಸುತ್ತಿದ್ದೆ. ನೀನು ಕೈ ಬೀಸುತ್ತಲೇ ಇರುತ್ತಿದ್ದೆ. ಒಳಗಿನದು ನಿನಗೆ ಕಾಣುವುದಿಲ್ಲ ಅಂದುಕೊಂಡಿದ್ದೆ.

ಇವತ್ತು ನಿನ್ನ ಹಾಗೆ ಕೆಳಗೆ ನಿಂತು ನೋಡಿದೆ. ಗಾಜು ಮುಚ್ಚಿಯೇ ಇತ್ತು. ಅವಳು ತುಟಿಯಂಚಿನಲ್ಲಿ ನಕ್ಕದ್ದೂ ಕಾಣಿಸಿತಮ್ಮ.