ಈಚೆ ದಡದಲ್ಲಿ ಕುಳಿತು ತೆಗೆದುಕೊಂಡ ಹಾಜರಿ

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ಗಾಳಿಬೀಡಿನಿಂದ ನಾಲ್ಕು ಮೈಲಿ ಕೆಳಗೆ, ಹೊಳೆಯಾಚೆ ಇರುವ ನಮ್ಮ ಪ್ರಾಥಮಿಕ ಶಾಲೆಯನ್ನು ಅಕ್ಟೋಬರ್ ಒಂದರಿಂದ ಮುಚ್ಚಬೇಕೆಂದು ನೀವು ಹೊರಡಿಸಿದ ಆಜ್ಞೆ ಕಳೆದ ಸೋಮವಾರ ನಮ್ಮ ಕೈ ಸೇರಿತು. “ಜುಲೈ ಇಪ್ಪತ್ತೆರಡರಂದು ಶಾಲೆಗೆ ಭೇಟಿ ಕೊಟ್ಟು ಪರಿಶೀಲಿಸಲಾಗಿ, ದಾಖಲಾದ ಇಪ್ಪತ್ತಾರು ಮಕ್ಕಳ ಪೈಕಿ ನಾಲ್ವರು ಮಾತ್ರ ಹಾಜರಿದ್ದರು. ಈ ಊರಿನವರಿಗೆ ವಿದ್ಯೆಯಲ್ಲಿ ಆಸಕ್ತಿ ಇಲ್ಲವೆಂದು ಕಂಡುಬಂದಿದೆ” ಎಂದು ಅದರಲ್ಲಿ ಬರೆದಿದ್ದೀರಿ. ಊರಿನವರಿಗೆ ಅದನ್ನು ಓದಿ ಹೇಳಿದವಳು ನಾನು. ಕೊನೆಯ ಸಾಲನ್ನು ಓದುವಾಗ ನನಗೆ ನಾಚಿಕೆಯಾಯಿತು. ನಮ್ಮ ಬಗ್ಗೆ ಅಲ್ಲ.

ನೀವು ಶಾಲೆಗೆ ಭೇಟಿ ಕೊಡಲಿಲ್ಲ. ಹೊಳೆಯ ಈಚೆ ದಡದಲ್ಲಿರುವ ಕಾಕನ ಚಹಾ ಅಂಗಡಿಗೆ ಭೇಟಿ ಕೊಟ್ಟಿರಿ. ನಾನು ಅಲ್ಲೇ ಇದ್ದೆ. ಅಧಿಕಾರಿಗಳ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಅದಕ್ಕೇ ಅಂದು ಹೇಳಬೇಕಿದ್ದುದನ್ನು ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಹೊಳೆಯ ವಿಚಾರ. ಜನವರಿಯಲ್ಲಿ ನೀವು ಬಂದಿದ್ದರೆ ಷೂ ಒದ್ದೆಯಾಗದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆಚೆ ಹೋಗುತ್ತಿದ್ದಿರಿ. ಜೂನ್ ಎರಡನೇ ವಾರದಿಂದ ಅದೇ ಹೊಳೆ ಆಳೆತ್ತರ ಏರುತ್ತದೆ. ನಾವು ಹಾಕುವ ಪಾಲವನ್ನು, ಅಂದರೆ ಮರದ ಕಾಲುಸೇತುವೆಯನ್ನು, ಪ್ರತಿ ವರ್ಷವೂ ಕೊಚ್ಚಿಕೊಂಡು ಹೋಗುತ್ತದೆ. ಗಟ್ಟಿ ಸೇತುವೆ ಬೇಕೆಂದು ಮೂರು ಸಲ ಅರ್ಜಿ ಹಾಕಿದೆವು. ಪರಿಶೀಲನೆಯಲ್ಲಿದೆ ಎಂಬ ಉತ್ತರ ಮೂರು ಸಲ ಬಂತು. ಶಾಲೆಯನ್ನು ಆಚೆ ಏಕೆ ಕಟ್ಟಿದಿರಿ ಎಂದು ನೀವು ಕೇಳಬಹುದು. ಈಚೆ ಇರುವುದು ಕಡಿದಾದ ಗುಡ್ಡ, ಉಳಿದದ್ದು ಗದ್ದೆ. ಆಚೆ ದೇರಪ್ಪಜ್ಜ ಸಮತಟ್ಟಾದ ಜಾಗ ಬಿಟ್ಟುಕೊಟ್ಟರು, ಊರವರೇ ಮಣ್ಣು ಹೊತ್ತು ಗೋಡೆ ಎಬ್ಬಿಸಿದರು. ವಿದ್ಯೆಯಲ್ಲಿ ಆಸಕ್ತಿ ಇಲ್ಲದ ಊರವರು, ದಯವಿಟ್ಟು ಗಮನಿಸಿ.

ಆಚೆ ಇರುವುದು ಎರಡೇ ಮನೆ. ಅಲ್ಲಿನ ಮಕ್ಕಳು ನಾಲ್ವರು. ಮಿಕ್ಕ ಇಪ್ಪತ್ತೆರಡು ಮಕ್ಕಳು ಈಚೆಯವರು. ಮಳೆಗಾಲ ಪೂರ್ತಿ ಶಾಲೆಯಲ್ಲೇ ಉಳಿಯುವ ಪೊನ್ನಪ್ಪ ಮಾಸ್ತರು ಆ ನಾಲ್ವರಿಗೆ ಪಾಠ ಮಾಡುತ್ತಾರೆ. ನೀರು ಇಳಿದ ದಿನ ನಮ್ಮ ಮಕ್ಕಳೂ ಹೋಗುತ್ತಾರೆ, ಏರಿದ ದಿನ ದಡದವರೆಗೆ ಬಂದು ನೋಡಿ ಮನೆಗೆ ಮರಳುತ್ತಾರೆ.

ಅಂದು ನೀವು ಬಂದಾಗ ಅಂಗಡಿಯ ಮುಂದೆ ಮಳೆಗೆ ಓಲೆಯ ಗೊರಬೆ ಹೊದ್ದು ಸಾಲಾಗಿ ನಿಂತಿದ್ದವರು ಯಾರು ಸ್ವಾಮಿ? ನೀವೇ ಅವರನ್ನು ಗದರಿದಿರಿ.

“ಏ ಮಕ್ಕಳಾ, ಸ್ಕೂಲು ಬಿಟ್ಟು ಇಲ್ಲೇನು ಮಾಡ್ತಿದ್ದೀರಿ?”

“ಹೊಳೆ ಇಳ್ದುಟಾಂತ ನೋಡಿಕೆ ಬಂದೊ ಸಾರ್,” ಎಂದ ನಾಲ್ಕನೇ ಕ್ಲಾಸಿನ ಧರ್ಮಪಾಲ.

“ಎಷ್ಟು ದಿನದಿಂದ ನೋಡ್ತಿದ್ದೀರಿ?”

“ಸೋಮವಾರಂದ ಸಾರ್.”

ನಮ್ಮ ಅಜ್ಜಿ ಬೊಳ್ಳಮ್ಮನಿಗೆ ಅಧಿಕಾರಿಗಳೆಂದರೆ ನನ್ನಷ್ಟು ಹೆದರಿಕೆ ಇಲ್ಲ. “ನೀವೂ ಕುದ್ರಿ ಸಾಮಿ,” ಎಂದು ಬೆಂಚು ತೋರಿಸಿದರು. “ನೀರು ಇಳ್ದರೆ ಎಲ್ಲವೂ ಒಟ್ಟಿಗೇ ಹೋಗನ.”

ನೀವು ನಗಲಿಲ್ಲ. ಆಚೆ ಹೋಗಲು ಬೇರೆ ದಾರಿ ಇಲ್ಲವೇ ಎಂದು ಕಾಕನನ್ನು ಕೇಳಿದಿರಿ.

“ಉಂಟಲ್ಲ ಸಾರ್. ಮೇಲೆ ಎಸ್ಟೇಟ್ ಸುತ್ತಿ ಹೋದ್ರೆ ಒಂಬತ್ತು ಮೈಲಿ. ನಿನ್ನೆ ಆನೆ ಇತ್ತು, ಇವತ್ತು ಗೊತ್ತಿಲ್ಲ. ಸಾರ್, ಸಾರ್, ನಿಮ್ಮ ಬೂಟು ನೋಡಿ, ಜಿಗಣೆ! ಉಪ್ಪು ಕೊಡ್ಲಾ?”

ನೀವು ಉಪ್ಪು ತೆಗೆದುಕೊಂಡಿರಿ, ಎರಡನೇ ಚಹಾ ತರಿಸಿದಿರಿ. ಒಂಬತ್ತು ಮೈಲಿಯ ಮಾತನ್ನು ಮತ್ತೆ ಎತ್ತಲಿಲ್ಲ. ಆಮೇಲೆ ಹಾಜರಿ ಪುಸ್ತಕ ಕಳಿಸಿ ಎಂದು ಆಚೆ ದಡಕ್ಕೆ ಕೂಗಿಸಿದಿರಿ. ಅಕ್ಕಿ, ಉಪ್ಪು, ಸೀಮೆಎಣ್ಣೆ ಸಾಗಿಸಲು ನಾವು ಹೊಳೆಗೆ ಅಡ್ಡವಾಗಿ ಹಗ್ಗ ಕಟ್ಟಿ ಬುಟ್ಟಿ ತೂಗುಹಾಕಿದ್ದೇವೆ. ಮಾಸ್ತರು ಪುಸ್ತಕವನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಆ ಬುಟ್ಟಿಯಲ್ಲಿಟ್ಟರು. ನೀವು ಹಾಳೆ ಬಿಚ್ಚಿದಿರಿ, ನಾಲ್ಕು ಎಂದು ಎಣಿಸಿದಿರಿ, ರುಜು ಮಾಡಿ ಬುಟ್ಟಿಯಲ್ಲೇ ಹಿಂದಕ್ಕೆ ಕಳಿಸಿದಿರಿ. ನಿಮ್ಮ ರುಜು ಹೊಳೆ ದಾಟಿತು. ನೀವು ದಾಟಲಿಲ್ಲ.

ಇದರಲ್ಲಿ ನಿಮ್ಮ ತಪ್ಪಿಲ್ಲ, ಆ ನೀರಿಗೆ ಯಾರೂ ಇಳಿಯಬಾರದು. ನನ್ನ ಪ್ರಶ್ನೆ ಇಷ್ಟೇ. ಜೀಪು, ರೈನ್‌ಕೋಟು, ಮೊಣಕಾಲಿನವರೆಗೆ ಬೂಟು, ಇಬ್ಬರು ಜವಾನರು ಇದ್ದ ನಿಮಗೆ ದಾಟಲಾಗದ ಹೊಳೆಯನ್ನು ಏಳು ವರ್ಷದ ಮಗು ದಾಟದಿದ್ದರೆ ಅದು ಆಸಕ್ತಿಯ ಕೊರತೆ ಹೇಗಾಯಿತು? ನೀವು ದಾಟದಿದ್ದುದಕ್ಕೆ ಭೇಟಿ ಎಂದು ಹೆಸರು, ನಿಮ್ಮ ಪಕ್ಕದಲ್ಲೇ ನಿಂತ ಮಕ್ಕಳಿಗೆ ಗೈರುಹಾಜರಿ ಎಂದು ಹೆಸರು. ಇದು ಯಾವ ಲೆಕ್ಕ?

ನಮ್ಮ ಪುಟ್ಟ ಕೊಡಗು ರಾಜ್ಯಕ್ಕೆ ಜನ ಆರಿಸಿದ ಸರ್ಕಾರ ಬಂದು ಎರಡು ವರ್ಷ ಕಳೆಯಿತು. ರಜೆಯ ಪಟ್ಟಿ ಮಾತ್ರ ಇನ್ನೂ ಮಳೆಯನ್ನೇ ಕಾಣದ ಸೀಮೆಯಿಂದ ತರಿಸಿದ ಹಾಗಿದೆ. ದಾರಿಗಳೆಲ್ಲ ಒಣಗಿ, ಹೊಳೆಯಲ್ಲಿ ಮೀನೂ ಹೊಟ್ಟೆ ಉಜ್ಜಿಕೊಂಡು ಹೋಗುವ ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ. ಬಸ್ಸು ಅರ್ಧ ದಾರಿಯಲ್ಲೇ ನಿಂತು, ಟಪಾಲು ವಾರಕ್ಕೊಮ್ಮೆ ಬಂದು, ಸತ್ತವರ ಸುದ್ದಿಯೂ ಮೂರು ದಿನ ತಡವಾಗಿ ಮುಟ್ಟುವ ಜುಲೈಯಲ್ಲಿ ಶಾಲೆ. ನಮ್ಮಲ್ಲಿ ಮದುವೆ ಮಾಡುವವರೂ ಆ ತಿಂಗಳು ಬಿಟ್ಟು ದಿನ ನೋಡುತ್ತಾರೆ. ತನಿಖೆಗೆ ನಿಮಗೆ ಬೇರೆ ದಿನ ಸಿಗಲಿಲ್ಲವೇ?

ಶಾಲೆ ಮುಚ್ಚಿದರೆ ಏನಾಗುತ್ತದೆ ಎಂಬುದು ನಿಮ್ಮ ಆಜ್ಞೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ. ಮಕ್ಕಳು ಗಾಳಿಬೀಡಿನ ಶಾಲೆಗೆ ಹೋಗತಕ್ಕದ್ದು. ಹೋಗಲು ನಾಲ್ಕು ಮೈಲಿ, ಬರಲು ನಾಲ್ಕು ಮೈಲಿ, ನಡುವೆ ಕಾಡು. ಗಂಡುಮಕ್ಕಳನ್ನು ನೆಂಟರ ಮನೆಯಲ್ಲಿ ಬಿಡುತ್ತಾರೆ. ಹೆಣ್ಣುಮಕ್ಕಳನ್ನು? ನಮ್ಮ ಇಪ್ಪತ್ತಾರು ಮಕ್ಕಳಲ್ಲಿ ಹನ್ನೊಂದು ಹೆಣ್ಣು. ನನ್ನ ತಂಗಿ ಸರೋಜ ಮೂರನೇ ಕ್ಲಾಸು. ಆಜ್ಞೆಯನ್ನು ನಾನು ಓದಿ ಮುಗಿಸುತ್ತಿದ್ದಂತೆ ಅಪ್ಪ ಹೇಳಿದ್ದು ಇಷ್ಟು: “ಹಂಗಾರೆ ಸರೋಜ ಮನೇಲಿ ಇರ್ಲಿ. ಕಾಡು ದಾರೀಲಿ ಹೆಣ್ಣ್ ಮಗುನ ಹೆಂಗೆ ಕಳ್ಸುದು?” ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಐದನೇ ಕ್ಲಾಸಿನ ನಂತರ ನನಗೂ ಇದೇ ಮಾತು ಹೇಳಿದ್ದರು. ನನಗೆ ಐದಾದರೂ ದಕ್ಕಿತು, ಅವಳಿಗೆ ಮೂರೂ ಪೂರ್ತಿಯಾಗುವುದಿಲ್ಲ. ಅವಳು ಅಂದಿನಿಂದ ಊಟಕ್ಕೆ ಕರೆದರೂ ಸ್ಲೇಟು ಕೆಳಗಿಡುತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮುಚ್ಚುವ ಆಜ್ಞೆಯನ್ನು ರದ್ದು ಮಾಡಿ. ಈ ಭಾಗದ ಶಾಲೆಗಳ ದೊಡ್ಡ ರಜೆಯನ್ನು ಜೂನ್, ಜುಲೈಗೆ ತನ್ನಿ, ಬೇಸಿಗೆಯಲ್ಲಿ ಪಾಠ ನಡೆಸಿ. ನಮ್ಮ ಮಾತು ನಂಬುವಂತಿಲ್ಲವಾದರೆ ಅಕ್ಟೋಬರಿಗೆ ಮುಂಚೆ ಯಾವ ದಿನವಾದರೂ ಹೇಳದೆ ಕೇಳದೆ ಬನ್ನಿ. ಈಗ ನೀರು ಇಳಿದಿದೆ, ಪಾಲ ಮತ್ತೆ ಹಾಕಿದ್ದೇವೆ. ಮಕ್ಕಳು ಒಳಗಿದ್ದಾರೆ.

ಇದು ಯಾವುದೂ ಆಗದೆಂದರೆ ಒಂದು ಕೆಲಸವನ್ನಾದರೂ ಮಾಡಿ. ಹನ್ನೊಂದು ಹೆಣ್ಣುಮಕ್ಕಳ ಹೆಸರನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೂ ಕಳಿಸಿದ್ದೇನೆ. ಒಂದೊಂದು ಹೆಸರಿನ ಮುಂದೆಯೂ ‘ಇವಳಿಗೆ ವಿದ್ಯೆಯಲ್ಲಿ ಆಸಕ್ತಿ ಇಲ್ಲ’ ಎಂದು ನಿಮ್ಮ ಕೈಯಾರೆ ಬರೆದು ರುಜು ಮಾಡಿ ಕಳಿಸಿ. ಅವರವರ ಮನೆಗೆ ಹೋಗಿ ನಾನು ಓದಿ ಹೇಳುತ್ತೇನೆ. ಸರೋಜನದನ್ನು ಮಾತ್ರ ಅವಳೇ ಓದಿಕೊಳ್ಳಲಿ. ಅಷ್ಟು ಓದಲು ಅವಳಿಗೆ ಬರುತ್ತದೆ.

ಇಂತಿ,
ಎದುರಿಗೆ ಮಾತು ಬಾರದೆ ಕಾಗದ ಹಿಡಿದ,
ನಿಮ್ಮ ಇಲಾಖೆಯಿಂದ ಐದೇ ತರಗತಿ ಪಡೆದ
ಯಮುನ