ಫೋನಿನಲ್ಲಿ ಮಾಡಿದ ಪಾಠ

ಮಾದಯ್ಯ ಸರ್,

ಇದನ್ನು ನಿಮಗೆ ಕಳಿಸುವುದಿಲ್ಲ. ನಿಮ್ಮ ನಂಬರು ಇನ್ನೂ ನನ್ನ ಫೋನಿನಲ್ಲಿದೆ, ಒತ್ತುವ ಧೈರ್ಯವಿಲ್ಲ.

ಇವತ್ತು ಮಳವಳ್ಳಿಯಲ್ಲಿ ಉಪನ್ಯಾಸಕರಿಗೆ ಸ್ಮಾರ್ಟ್ ಬೋರ್ಡ್ ತರಬೇತಿ ಕೊಟ್ಟೆ. ಲಾಕ್‌ಡೌನಿನಲ್ಲಿ ಪಾಠ ಹೇಗೆ ನಡೆಯಿತೆಂಬ ಮಾತು ಬಂತು. ಹೊಸದಾಗಿ ಸೇರಿದ ದೀಪಿಕ ಎದ್ದು ನಿಂತಳು. ಆಗ ಅವಳು ಮದ್ದೂರಿನಲ್ಲಿ ನಿಮ್ಮ ವಿದ್ಯಾರ್ಥಿನಿ.

“ನಮ್ಮೂರು ಕೊಪ್ಪದಲ್ಲಿ ಇಂಟರ್ನೆಟ್ಟೇ ಸಿಗ್ತಿರ್ಲಿಲ್ಲ. ಮಾದಯ್ಯ ಸರ್ ಐದೈದು ಜನಕ್ಕೆ ಒಟ್ಗೆ ಫೋನ್ ಹಾಕಿ ಇತಿಹಾಸ ಹೇಳೋರು. ಅಪ್ಪನ ಬಟನ್ ಫೋನ್ ಇಟ್ಕೊಂಡು ಹಸ ಕಟ್ಟೋ ತಾವ ಕೂತು ಕೇಳ್ತಿದ್ದೆ. ನಮ್ಮವ್ವ, ‘ನಿಮ್ಮ ಮೇಷ್ಟ್ರು ಉಸ್ರು ಬುಡ್ದೆ ಮಾತಾಡ್ತಾರಲ್ಲೇ, ನೀರಾದ್ರೂ ಕುಡೀಲಿ ಅನ್ನು’ ಅಂದ್ಬುಟ್ಲು!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವರ್ಷ ಮದ್ದೂರು ಕಾಲೇಜಿನಲ್ಲಿ ನಿಮ್ಮಂಥ ಅತಿಥಿ ಉಪನ್ಯಾಸಕರ ತಂತ್ರಜ್ಞಾನ ಬಳಕೆಯ ವರದಿ ಬರೆದವಳು ನಾನು. ಎಷ್ಟು ವಿಡಿಯೊ ಹಾಕಿದ್ದೀರಿ ಎಂದು ಕೇಳುವ ಫಾರಂ ಕೂಡ ನನ್ನದೇ. ನಿಮ್ಮ ಹೆಸರಿನ ಮುಂದೆ ಸೊನ್ನೆ ಬರೆದೆ. “ಫೋನಲ್ಲಿ ಮಾಡ್ತಿದೀನಿ ಕಣಮ್ಮ, ಅದ್ನೂ ಬರ್ಕೊ” ಎಂದಿರಿ. ಅದಕ್ಕೆ ಕಾಲಂ ಇಲ್ಲ ಸರ್ ಎಂದೆ. ಮುಂದಿನ ವರ್ಷ ಕಾಲೇಜು ನಿಮ್ಮನ್ನು ಕರೆಯಲಿಲ್ಲ. ನನ್ನ ಸೊನ್ನೆಯೊಂದೇ ಕಾರಣವಾಗಿರಲಾರದು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ.

ಇಲ್ಲಿನ ಪ್ರಾಂಶುಪಾಲರಿಗೆ ಬಹಳ ಖುಷಿಯಾಯಿತು. “ಒಳ್ಳೆ ಮಾದರಿ ಮೇಡಂ, ನಿಮ್ಮ ಸ್ಲೈಡಿಗೆ ಹಾಕ್ಕೊಳಿ” ಎಂದರು. ಹಾಕಿಕೊಂಡೆ.

ಊಟದ ಹೊತ್ತಿಗೆ ದೀಪಿಕ ಹತ್ತಿರ ಬಂದಳು. “ನೀವೂ ಆಗ ಮದ್ದೂರಿಗೆ ಬತ್ತಿದ್ರಂತೆ ಮೇಡಂ. ನಮ್ಮ ಸರ್ ಪರಿಚಯ ಇತ್ತಾ?”

ಎಂಟು ವರ್ಷ ನೀವೂ ನಾನೂ ಮಂಡ್ಯದಿಂದ ಮದ್ದೂರಿಗೆ ಒಂದೇ ಬಸ್ಸಿನಲ್ಲಿ ಹೋಗಿಬಂದಿದ್ದೆವು. ಇಂಗ್ಲಿಷ್ ಮೀಡಿಯಮ್ಮಿನ ನನ್ನ ಕನ್ನಡವನ್ನು ಸಾಲು ಸಾಲಾಗಿ ತಿದ್ದಿದವರು ನೀವು.

“ಮುಖ ನೋಡಿದ ಹಾಗಿದೆ” ಎಂದೆ.