ಇಪ್ಪತ್ತು ಅಕ್ಷರದೊಳಗೆ ಸೆವೆರಿನಾ

ಮೇ 6, ಸೋಮವಾರ

ಮತ್ತೆ ಕರೆಂಟ್ ಹೋಗಿ ಬಂತು. ರೇಡಿಯೋ ಕೇಂದ್ರದ ಮುದಿ ಕಂಪ್ಯೂಟರ್ ಎದ್ದು ಕೂರುವಷ್ಟರಲ್ಲಿ ಕೋಕಾ ಚಹಾ ಆರಿಹೋಗಿತ್ತು. ಬೆಳಗಿನ ಸುದ್ದಿ, ಸಾವಿನ ಪ್ರಕಟಣೆ, ಯಾರದೋ ಕತ್ತೆ ಕಳೆದ ಪ್ರಕಟಣೆ... ಎಲ್ಲ ಮುಗಿಸಿದೆ. ಆಗ ಡಾಕ್ಟರ್ ಅರಾನ್ಸಿಬಿಯಾ ಫೋನು. ನಮ್ಮ ವಕೀಲರು. ಡಾಕ್ಟರ್ ಅನ್ನದಿದ್ದರೆ ಮುಖ ಊದಿಸುತ್ತಾರೆ.

ಗಣಿ ಕಂಪನಿಗೆ ನಮ್ಮ ಕಲ್ಲುಗುಡ್ಡೆ ಬೇಕಂತೆ. ಅಜ್ಜಂದಿರ ಕಾಲದಿಂದ ಗಣಿಯವರೇ ಬೇಡವೆಂದು ಹೊರಗೆ ಸುರಿದ ಕಲ್ಲು. ಅದನ್ನು ಒಡೆದು, ತವರ ಆರಿಸಿ, ಮಕ್ಕಳನ್ನು ಸಾಕಿದವರು ಇಲ್ಲಿನ ಹೆಂಗಸರು. ನನ್ನ ಅಮ್ಮನೂ ಒಬ್ಬಳು. ತಾನು ಗುಡ್ಡೆಯ ಯಾವ ಜಾಗದಲ್ಲಿ ಕೂರುತ್ತೇನೆಂದು ಒಬ್ಬೊಬ್ಬಳೂ ಹೇಳಿದ್ದನ್ನು ನಾನೇ ರೆಕಾರ್ಡ್ ಮಾಡಿದ್ದೇನೆ. ಒಂದು ಧ್ವನಿಗೆ ಒಂದು ಜಾಗದ ಹಕ್ಕು. ಧ್ವನಿ ಒರುರೋ ಪಟ್ಟಣದ ಸರ್ಕಾರಿ ಕಚೇರಿ ತಲುಪದಿದ್ದರೆ ಜಾಗವೂ ಇಲ್ಲ.

ಈಗ ತಕರಾರು ಏನೆಂದರೆ, ಒರುರೋ ಕಚೇರಿಯ ಕಂಪ್ಯೂಟರ್ ಇಪ್ಪತ್ತು ಅಕ್ಷರಕ್ಕಿಂತ ಉದ್ದದ ಫೈಲ್ ಹೆಸರು ತೆಗೆದುಕೊಳ್ಳುವುದಿಲ್ಲ. ನಮ್ಮವರು ಹೆಸರು ಹೇಳುವುದೆಂದರೆ ತನ್ನ ಹೆಸರು, ಅಪ್ಪನ ಮನೆತನ, ಅಮ್ಮನ ಮನೆತನ, ಕೊನೆಗೆ ಸತ್ತ ಗಂಡನದು. ನಾನೂ ಮುಂದೆ ಗೌರವಕ್ಕೊಂದು 'ದೊನ್ಯಾ' ಸೇರಿಸಿ, ರೋಮನ್ ಅಕ್ಷರದಲ್ಲಿ, ಒಂದಕ್ಷರ ಬಿಡದೆ ಹಾಗೇ ಬರೆದಿದ್ದೆ.

"ಕತ್ತರಿಸಿ ಬಿಸಾಕಮ್ಮ ನಿಲ್ದಾ. ಅದೇನು ಹೆಸರಾ, ಗೂಡ್ಸ್ ರೈಲಾ?" ಅಂದರು ಡಾಕ್ಟರ್.

ಕತ್ತರಿಸುತ್ತೇನೆ. ಒಂದೊಂದಾಗಿ ಕೈಯಲ್ಲಲ್ಲ — ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಸ್ಕ್ರಿಪ್ಟ್ ಬರೆದರೆ ಎಲ್ಲ ಒಟ್ಟಿಗೆ ಆಗುತ್ತದೆ.

ಮೇ 7

ಬರೆದೆ. ನಾಲ್ಕೈದು ಸಾಲು. ಮೊದಲ ಇಪ್ಪತ್ತು ಅಕ್ಷರ ಇಟ್ಟುಕೋ, ಉಳಿದದ್ದು ಬಿಡು. ಮೂಲ ಫೈಲುಗಳನ್ನು ಮುಟ್ಟಲಿಲ್ಲ, ನಕಲಿನ ಮೇಲೆ ಓಡಿಸಿದೆ. ಅಷ್ಟು ಬುದ್ಧಿ ಇತ್ತು, ಸದ್ಯ.

ಸರಾಗವಾಗಿ ಓಡಿತು. ಒಂದು ಎರರ್ ಇಲ್ಲ. ಬೀಗಿಕೊಂಡು ಫೋಲ್ಡರ್ ತೆರೆದರೆ ಹೆಂಗಸರು ಕಡಿಮೆಯಾಗಿದ್ದರು.

ಅಮ್ಮನ ಫೈಲ್ ಒತ್ತಿದೆ. ಕೇಳಿಸಿದ್ದು ದೊನ್ಯಾ ಸೆವೆರಿನಾ ನಗು. ಫೆಬ್ರವರಿಯಲ್ಲಿ ಮಣ್ಣು ಮಾಡಿದವಳ ನಗು. ಮತ್ತೆ ಒತ್ತಿದೆ, ಮತ್ತೆ ಅದೇ.

ಆಮೇಲೆ ಹೊಳೆಯಿತು. ಅವಳು ಸೆವೆರಿನಾ ಮಮಾನಿ ಚೋಕೆ. ನನ್ನ ಅಮ್ಮ ಸೆವೆರಿನಾ ಮಮಾನಿ ಕೊಲ್ಕೆ. ದೊನ್ಯಾ ಸೇರಿ ಇಪ್ಪತ್ತು ಅಕ್ಷರ ಮಮಾನಿಗೇ ಮುಗಿಯುತ್ತದೆ; ಬಾಲದಿಂದ ಕತ್ತರಿಸಿದರೆ ಗಂಡನದರ ಜೊತೆ ತಾಯಿಯ ಮನೆತನವೂ ಹಾರಿಹೋಗುತ್ತದೆ. ಇಬ್ಬರೂ ಒಂದೇ ಆದರು, ಒಬ್ಬಳ ಮೇಲೆ ಇನ್ನೊಬ್ಬಳು ಕೂತಳು. ಅರ್ಧ ಊರೇ ಮಮಾನಿಗಳಿರುವ ಕಡೆ ನಾನು ಬಾಲಕ್ಕೆ ಕತ್ತರಿ ಹಾಕಿದ್ದೇನೆ! ಇಲ್ಲೇ ಹುಟ್ಟಿ ಬೆಳೆದ ಕತ್ತೆ ನಾನು.

ಅವಳು ಬದುಕಿದ್ದಾಗ ಅವಳಿಗೂ ಅಮ್ಮನಿಗೂ ಮಾತಿರಲಿಲ್ಲ. ಹಳೇ ರೈಲು ಹಳಿಯ ಪಕ್ಕದ ಜಾಗಕ್ಕಾಗಿ ಜಗಳ. ಅಲ್ಲಿ ಗಾಳಿ ಹೊಡೆಯುವುದಿಲ್ಲ, ಕಲ್ಲಿನಲ್ಲಿ ತವರವೂ ಜಾಸ್ತಿ. ಜಾಗ ಅವಳದ್ದೇ ಆಗಿತ್ತು. ಮಣ್ಣು ಮಾಡುವಾಗ ಅವಳ ಹೆಸರು ಕೂಗಿದರು, ರೂಢಿಯಂತೆ ಎಲ್ಲರೂ ಅವಳ ಪರವಾಗಿ "ಹಾಜರ್!" ಅಂದರು. ಅಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಮರುವಾರವೇ ಹೋಗಿ ಹಳಿಯ ಪಕ್ಕ ಶಾಲು ಹಾಸಿದಳು.

ತಾಯಿಯ ಜಾಗ ಮಗಳಿಗೆ — ಅದು ಗುಡ್ಡೆಯ ನಿಯಮ. ಸತ್ತವಳ ಮಗಳು ಕಾಸಿಲ್ದಾ ಈಗ ಬೆನ್ನಿಗೆ ಕೂಸು ಕಟ್ಟಿಕೊಂಡು ಮೇಲುಗಡೆ ಗಾಳಿಯಲ್ಲಿ ಕೂರುತ್ತಾಳೆ. ಅಮ್ಮನ ಬಾಯಿಗೆ ಹೆದರಿ ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೇ 8

ಡಾಕ್ಟರರ ಸಲಹೆ: "ಹೆಸರು ಒಂದೇ ಆದ್ರೆ ಮುಂದೆ ಒಂದು, ಎರಡು, ಮೂರು ಅಂತ ಹಾಕು. ಎಲ್ರೂ ಹಾಗೇ ಮಾಡೋದು."

ಸುಲಭ. ಒಂದೇ ಸಾಲು ಸೇರಿಸಿದರೆ ಆಯಿತು. ರಾತ್ರಿ ಸೂಪು ಕುಡಿಯುವಾಗ ಅಮ್ಮನಿಗೆ ಹೇಳಿದೆ. ಚಮಚ ಕೆಳಗಿಟ್ಟಳು.

"ಅಂಕಿನಾ? ನಂಗಾ? ಕಂಪನಿ ಗೇಟಲ್ಲಿ ಹದಿನಾರು ವರ್ಷ ಬಿಲ್ಲೆ ಹಿಡ್ಕೊಂಡು ನಿಂತಿದೀನಿ ಕಣೇ. ಒಬ್ನೂ ಹೆಸರು ಕೇಳ್ಲಿಲ್ಲ, ನಂಬರ್ ಕೂಗ್ತಿದ್ರು. ಈಗ ಹೊಟ್ಟೇಲಿ ಹುಟ್ಟಿದ ಮಗಳೇ ನಂಬರ್ ಹಾಕ್ತಾಳಂತೆ! ಹಾಕಿ ನೋಡು, ನಿನ್ನ ಲ್ಯಾಪ್‌ಟಾಪನ್ನೂ ಸುತ್ತಿಗೇಲಿ ಒಡೆದು ತವರ ಇದ್ಯಾ ಅಂತ ನೋಡ್ತೀನಿ."

ನೋಡಿಯೇ ನೋಡುತ್ತಾಳೆ. ಆದರೆ ಅವಳು ಹೇಳಿದ್ದು ಸರಿ. ಅಂಕಿ ಇಲ್ಲ.

ಮೇ 9

ಡಾಕ್ಟರರಿಗೆ ಆಗಲ್ಲ ಅಂದೆ. ನಿಟ್ಟುಸಿರು ಬಿಟ್ಟರು. "ಸರಿ, ಸತ್ತೋದ ಆಯಮ್ಮಂದು ಡಿಲೀಟ್ ಮಾಡು. ಸತ್ತೋರಿಗೆ ಯಾವ ಹಕ್ಕಮ್ಮ? ಒಂದೇ ಸೆವೆರಿನಾ ಉಳೀತಾಳೆ. ನಿಮ್ಮಮ್ಮಂಗೂ ಒಳ್ಳೇದೇ."

ಅಮ್ಮನಿಗೆ ಒಳ್ಳೆಯದೇ. ಸತ್ತವಳ ಧ್ವನಿ ಹೋದರೆ ಕಾಸಿಲ್ದಾ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ಬಟನ್ ಸಾಕು.

"ನಾನು ಯಾರನ್ನೂ ಡಿಲೀಟ್ ಮಾಡಲ್ಲ ಡಾಕ್ಟರೇ" ಅಂದು ಫೋನಿಟ್ಟೆ.

ಮೇ 13

ಹೊಸ ಸ್ಕ್ರಿಪ್ಟ್. ಯಾರ ಮೇಲೂ ಯಾರನ್ನೂ ಕೂರಿಸುವುದಿಲ್ಲ. ಅದೇ ಹೆಸರು ಮೊದಲೇ ಇದ್ದರೆ ನಿಲ್ಲುತ್ತದೆ, ನನ್ನನ್ನು ಕೇಳುತ್ತದೆ. ಅದು ಕೇಳಿದರೆ ನಾನು ಗುಡ್ಡೆ ಹತ್ತಿ ಹೆಂಗಸರನ್ನು ಕೇಳುತ್ತೇನೆ.

ಇವತ್ತು ಹತ್ತಿದೆ. "ಒಂದೇ ಹೆಸರಿನವರನ್ನ ನೀವು ಹೇಗೆ ಕರೀತೀರಿ?"

"ಕೂರೋ ಜಾಗದ ಮೇಲೆ ಕಣಮ್ಮ, ಇನ್ನೇನು! ಇವಳು ಪ್ರೋಸ್ಪೆರಾ-ಗಾಳಿ. ಆ ಕಡೆಯವಳು ಪ್ರೋಸ್ಪೆರಾ-ಕಕ್ಕಸು."

"ಬಾಯ್ಮುಚ್ಚೇ! ಕಕ್ಕಸು ಬಿದ್ದೋಗಿ ಮೂರು ವರ್ಷ ಆಯ್ತು. ಪ್ರೋಸ್ಪೆರಾ-ಗೋಡೆ ಅಂತ ಬರ್ಕೋ ನಿಲ್ದಾ."

ಹೊಟ್ಟೆ ಹಿಡಿದು ನಕ್ಕರು. ಬೇಯಿಸಿದ ಆಲೂಗಡ್ಡೆ ಕೊಟ್ಟರು. ಹೆಸರು ಮತ್ತು ಜಾಗ — ಎರಡೇ ಮಾತು, ಇಪ್ಪತ್ತು ಅಕ್ಷರದೊಳಗೆ ಆರಾಮಾಗಿ ಹಿಡಿಸಿತು. ಇಷ್ಟು ದಿನ ನನ್ನ ತಲೆಗೆ ಹೊಳೆದಿರಲಿಲ್ಲ.

ಮೇ 14

ಸ್ಕ್ರಿಪ್ಟ್ ಓಡಿಸಿದೆ. ಎಲ್ಲರೂ ದಾಟಿದರು. ಒಂದು ಕಡೆ ನಿಂತಿತು.

ಸೆವೆರಿನಾ-ಹಳಿ. ಈ ಹೆಸರು ಈಗಾಗಲೇ ಇದೆ. ಏನು ಮಾಡಲಿ?

ಇಬ್ಬರೂ ಹಳಿಯೇ. ಅವಳು ಜನವರಿಯಲ್ಲಿ ಹೇಳಿದ್ದು, ಅಮ್ಮ ಮಾರ್ಚ್‌ನಲ್ಲಿ ಹೇಳಿದ್ದು.

ಮನೆಗೆ ಹೋಗಿ ಕೇಳಿದೆ, ನೇರವಾಗಿ. "ಅಮ್ಮಾ, ಹಳಿ ಜಾಗ ಯಾರದ್ದು?"

"ಕೂತೋರದ್ದು."

"ಕಾಸಿಲ್ದಾದ್ದು."

"ಅವಳಿಗೆ ವಯಸ್ಸಿದೆ, ಗಾಳಿ ತಡ್ಕೋತಾಳೆ. ನನ್ನ ಎದೆ ನೋಡಿದ್ಯಾ? ಯಾರ ಮಗಳೇ ನೀನು?"

"ನಿನ್ನ ಮಗಳೇ. ಅದಕ್ಕೇ ಬಗ್ಗಲ್ಲ. ಆ ಫೈಲ್ ನಾನು ಅಳಿಸಲ್ಲ."

ಬಾಗಿಲು ಎಳೆದುಕೊಂಡು ಹೋದಳು. ರಾತ್ರಿ ಚಿಕ್ಕಮ್ಮನ ಮನೆಯಲ್ಲೇ ಮಲಗಿದಳು. ಅವಳ ಕೆಮ್ಮು ಕೇಳದೆ ನನಗೆ ನಿದ್ದೆ ಬರಲಿಲ್ಲ.

ಮೇ 23

ಅಮ್ಮ ರೇಡಿಯೋ ಕೇಂದ್ರಕ್ಕೆ ಬಂದಳು. ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ.

"ಅವಳದ್ದು ಹಾಕು."

ಹಾಕಿದೆ. ಮೊದಲು ಆ ನಗು. ಆಮೇಲೆ ಮಾತು: "ಹಳಿ ಪಕ್ಕ ಕೂರ್ತೀನಿ. ಕೆಳಗೆ ನೀರಿನ ಟ್ಯಾಂಕ್ ಹತ್ರ ನನ್ನ ಹೆಸರಿನೋಳೇ ಇನ್ನೊಬ್ಳು ಕೂರ್ತಾಳೆ. ಮಾತಾಡಲ್ಲ, ಭಾರೀ ಜಂಬ. ಆದ್ರೆ ಅವಳ ಸುತ್ತಿಗೆ ಸದ್ದು ಕೇಳ್ದೇ ಇದ್ದ ದಿನ ನಂಗೆ ಕೆಲಸಾನೇ ಸಾಗಲ್ಲ ನೋಡು. ಅವಳು ಬಂದಿಲ್ವಾ ಅಂತ ಕತ್ತು ಉದ್ದ ಮಾಡ್ತೀನಿ."

ಅಮ್ಮ ಶಾಲಿನ ತುದಿ ಬಾಯಿಗೆ ಒತ್ತಿಕೊಂಡಳು. ಅವಳು ಅಳುವುದನ್ನು ಅಪ್ಪ ಸತ್ತಾಗಲೂ ನಾನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ.

"ಜಂಬವಂತೆ! ಅವಳಿಗಿತ್ತು ಜಂಬ" ಅಂದಳು ಮೂಗು ಒರೆಸಿಕೊಂಡು. "ಮೈಕ್ ಹಾಕೇ. ನಂದು ಮತ್ತೆ ಹೇಳ್ತೀನಿ. ಸೆವೆರಿನಾ ಮಮಾನಿ ಕೊಲ್ಕೆ. ನನ್ನ ಜಾಗ ಟ್ಯಾಂಕ್ ಹತ್ರ."

ಸ್ಕ್ರಿಪ್ಟ್ ಮತ್ತೆ ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ಎಲ್ಲ ಧ್ವನಿಗಳನ್ನೂ ಒರುರೋಗೆ ಕಳಿಸಿದೆ, ಸತ್ತವಳದ್ದೂ ಸೇರಿಸಿ.

ಜೂನ್ 17, ಸೋಮವಾರ, ಬೆಳಗ್ಗೆ 10

ಗುಡ್ಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಧ್ವನಿಗಳನ್ನೂ ಜಾಗಗಳನ್ನೂ ತಾಳೆ ನೋಡಲು ಒರುರೋದಿಂದ ಅಧಿಕಾರಿ ಬಂದಿದ್ದಾನೆ, ಕಂಪನಿ ಇಂಜಿನಿಯರ್ ಕೂಡ. ಹೆಂಗಸರು ಅವರವರ ಜಾಗದಲ್ಲಿ ನಿಂತಿದ್ದಾರೆ. ಕೊರೆಯುವ ಚಳಿ.

ಇಂಜಿನಿಯರ್ ಕಾಗದ ಬಡಿದು ಹೇಳುತ್ತಿದ್ದಾನೆ: "ಇಬ್ಬಿಬ್ಬರು ಸೆವೆರಿನಾ ಮಮಾನಿ! ಒಬ್ಬಳನ್ನೇ ಎರಡು ಸಲ ಲೆಕ್ಕ ಹಿಡಿದಿದ್ದಾರೆ ಸಾರ್." ಡಾಕ್ಟರ್ ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ.

ಅಧಿಕಾರಿ ಕೂಗಿದ. "ಸೆವೆರಿನಾ-ಹಳಿ."

ಇಂಜಿನಿಯರ್ ನಕ್ಕ.

"ಹಾಜರ್!"

ಅಮ್ಮ. ಟ್ಯಾಂಕಿನ ಹತ್ತಿರದಿಂದ, ಎದೆ ಹರಿಯುವ ಹಾಗೆ. ಹಿಂದೆಯೇ ಇಡೀ ಗುಡ್ಡೆ ಕೂಗಿತು. ಹಳಿಯ ಪಕ್ಕ ಕಾಸಿಲ್ದಾ, ಕೂಸಿನ ಸಮೇತ, ಕೈ ಎತ್ತಿದ್ದಾಳೆ. "ಅದು ನನ್ನವ್ವ. ಅವಳ ಜಾಗ ಈಗ ನಂದು" ಅಂದಳು. ಅಧಿಕಾರಿ ಬರೆದುಕೊಂಡ. ಇಂಜಿನಿಯರ್ ನಗು ನಿಂತಿದೆ.

ಮುಂದಿನ ಹೆಸರು. "ಸೆವೆರಿನಾ-ಟ್ಯಾಂಕ್."

ಅಮ್ಮ ಬಾಯಿ ತೆರೆದಳು. ಕೆಮ್ಮು ಒತ್ತಿ ಬಂತು, ಸ್ವರವೇ ಹೊರಡಲಿಲ್ಲ. ಸೊಂಟ ಬಗ್ಗಿಸಿ ಕೆಮ್ಮುತ್ತಿದ್ದಾಳೆ. ಅಧಿಕಾರಿ ಎರಡನೇ ಸಲ ಕೂಗಿದ. ನಾನು ಏಳುವಷ್ಟರಲ್ಲಿ ಹಳಿಯ ಕಡೆಯಿಂದ ಕಾಸಿಲ್ದಾ ಕೂಗಿದಳು — "ಹಾಜರ್!"